ಹುಣ್ಣು ವಾಸಿಯಾದರೆ ಎಚ್‌ಐವಿ ಕಡಿಮೆಯಾಗುತ್ತದಾ?

ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: "ಆಫ್ರಿಕಾದಲ್ಲಿ ಗುಪ್ತರೋಗಗಳಿಗೆ ಔಷಧಿ ಕೊಟ್ಟು ಎಚ್‌ಐವಿ ತಗ್ಗಿಸಿದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎರಡೂ ಬೇರೆ ರೋಗ ಅಲ್ವಾ? ಈಗ ಎಚ್‌ಐವಿಗೇ ಮಾತ್ರೆ ಇರುವಾಗ ಇದೆಲ್ಲ ಯಾಕೆ?"

ರೋಗ ಬೇರೆ, ನಿಜ. ಆದರೆ ಗುಪ್ತರೋಗದಿಂದ ಹುಣ್ಣಾದ ಕಡೆ ಚರ್ಮ ಬಿರಿದಿರುತ್ತದೆ. ಎಚ್‌ಐವಿ ಯಾವ ಜೀವಕೋಶಗಳೊಳಗೆ ಹೊಗುತ್ತದೋ ಅವೇ ಅಲ್ಲಿಗೆ ಬಂದು ಸೇರಿರುತ್ತವೆ. ವೈರಸ್‌ಗೆ ಬಾಗಿಲು ತೆಗೆದು ಮಣೆ ಹಾಕಿದಂತೆ.

ಟಾಂಜಾನಿಯಾದ ವಿಕ್ಟೋರಿಯಾ ಸರೋವರದ ದಡದಲ್ಲಿ ಮ್ವಾಂಜಾ ಇದೆ. 1991ರಲ್ಲಿ ಸಂಶೋಧಕರು ಆ ಭಾಗದ 12 ಸಮುದಾಯಗಳನ್ನು ಆರಿಸಿಕೊಂಡರು. ಆರರಲ್ಲಿ ಗುಪ್ತರೋಗದ ಚಿಕಿತ್ಸೆ ಸುಧಾರಿಸಿದರು, ಉಳಿದ ಆರನ್ನು ಹೋಲಿಕೆಗೆ ಇಟ್ಟುಕೊಂಡರು. ದೊಡ್ಡ ಆಸ್ಪತ್ರೆಯನ್ನೇನೂ ಕಟ್ಟಲಿಲ್ಲ. ಇದ್ದ ಹಳ್ಳಿ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ತರಬೇತಿ ಕೊಟ್ಟರು. ಉರಿಮೂತ್ರವೋ, ಹುಣ್ಣೋ, ಬಿಳಿ ಹೋಗುವುದೋ ಎಂದು ಕೇಳಿ, ಲಕ್ಷಣ ನೋಡಿ, ಅವತ್ತೇ ಔಷಧಿ. ಲ್ಯಾಬ್ ರಿಪೋರ್ಟಿಗೆ ಕಾಯುವಂತಿಲ್ಲ. ಔಷಧಿ ಖಾಲಿಯಾಗದಂತೆ ನೋಡಿಕೊಂಡರು, ಮೇಲ್ವಿಚಾರಕರು ಆಗಾಗ ಬಂದು ಹೋಗುತ್ತಿದ್ದರು. ನನಗೆ ಇದರಲ್ಲಿ ಹಿಡಿಸಿದ್ದೇ ಈ ಕೊನೆಯ ಎರಡು ಮಾತು. ಸ್ಟಾಕ್ ಇಲ್ಲದ ಕಪಾಟಿನ ಮುಂದೆ ತರಬೇತಿ ಏನು ಮಾಡೀತು?

1995ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಹೊಸದಾಗಿ ಎಚ್‌ಐವಿ ತಗುಲಿದವರು ಹೋಲಿಕೆಯ ಊರುಗಳಲ್ಲಿ ನೂರಕ್ಕೆ 1.9, ಸೇವೆ ಸುಧಾರಿಸಿದ ಕಡೆ 1.2. ಸುಮಾರು ಶೇ. 40 ಇಳಿಕೆ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಅರ್ಧ ಕಥೆ ಹೇಳಿದಂತಾಗುತ್ತದೆ. ಉಗಾಂಡದ ರಾಕೈಯಲ್ಲಿ ಲಕ್ಷಣ ಇರಲಿ ಬಿಡಲಿ, ಹತ್ತು ತಿಂಗಳಿಗೊಮ್ಮೆ ಊರಿಗೆಲ್ಲ ಔಷಧಿ ಕೊಟ್ಟರು. 1999ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಎಚ್‌ಐವಿ ಇಳಿದಿರಲಿಲ್ಲ. ಅಲ್ಲಿ ಎಚ್‌ಐವಿ ಆಗಲೇ ಊರೆಲ್ಲ ಹರಡಿತ್ತು, ಹುಣ್ಣಿಲ್ಲದವರಿಂದಲೂ ದಾಟುತ್ತಿತ್ತು ಎನ್ನುವುದು ತಜ್ಞರ ಮುಖ್ಯ ವಿವರಣೆ. ನನಗಂತೂ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಮ್ವಾಂಜಾದಲ್ಲಿ ನೋವು ಬಂದ ದಿನವೇ ಹೋಗಲು ಒಂದು ಜಾಗವಿತ್ತು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಹೌದು, ಮಾತ್ರೆ ತಪ್ಪದೆ ತಿಂದು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿಸಿಕೊಂಡವರಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಸೋಂಕು ಇಲ್ಲದವರಿಗೆ ತಡೆಯ ಇಂಜೆಕ್ಷನ್ ಕೂಡ ಬಂದಿದೆ, ಹೆಸರು ಲೆನಕಾಪವಿರ್, ಆರು ತಿಂಗಳಿಗೊಂದು. ದಕ್ಷಿಣ ಆಫ್ರಿಕಾ, ಉಗಾಂಡಗಳಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಆದರೆ ಅದನ್ನು ಚುಚ್ಚಲು ಒಬ್ಬ ನರ್ಸ್ ಬೇಕಲ್ಲ. ಹತ್ತೊಂಬತ್ತರ ಹುಡುಗಿ ಒಳಗೆ ಬಂದಾಗ, ಸರದಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ "ಮದುವೆ ಆಗಿದೆಯೇನಮ್ಮಾ?" ಎನ್ನದ ನರ್ಸ್.

- ಸಂ.