ಪಂಪು ಹೊತ್ತವನ ಪರವಾಗಿ

ಓದುಗರ ಪತ್ರ (ಸಂಕ್ಷಿಪ್ತ): ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಡೆಂಗಿ ಬಗ್ಗೆ ಬಂದ ಲೇಖನ ಓದಿದೆ. ನೀರು ಚೆಲ್ಲಿ, ಡ್ರಮ್ ಮುಚ್ಚಿ ಎಂಬ ಅದೇ ಹಳೇ ಪಾಠ. ನಿಜ ಬರೆಯಲು ನಿಮಗೇಕೆ ಅಂಜಿಕೆ? ಪರಿಸರವಾದಿಗಳ ಮಾತು ಕೇಳಿ ಡಿಡಿಟಿ ಎಂಬ ಕೀಟನಾಶಕವನ್ನು ನಿಷೇಧಿಸಿದಾಗಿನಿಂದ ಸೊಳ್ಳೆಗಳಿಗೆ ಹಬ್ಬ. ಶ್ರೀಲಂಕಾದಲ್ಲಿ ಮಲೇರಿಯಾ ಮುಗಿದೇಹೋಗಿತ್ತು. ಡಿಡಿಟಿ ನಿಲ್ಲಿಸಿದರು, ಲಕ್ಷಗಟ್ಟಲೆ ಜನ ಹಾಸಿಗೆ ಹಿಡಿದರು. ಅಮೆರಿಕದ ಯಾವಳೋ ಒಬ್ಬಳು ಪುಸ್ತಕ ಬರೆದಳೆಂದು ನಾವು ಸಾಯಬೇಕೆ? ಬೆಳೆಗಾರನಾದ ನನಗೆ ಈ ನಿಷೇಧಗಳ ರುಚಿ ಗೊತ್ತು. ಕೀಟನಾಶಕಗಳಲ್ಲಿ ಲಿಂಡೇನ್ ಹೋಯಿತು, ಎಂಡೋಸಲ್ಫಾನ್ ಹೋಯಿತು, ಈಗ ಕ್ಲೋರ್‌ಪೈರಿಫಾಸ್ ಮೇಲೆ ಕಣ್ಣು. ಈ ಮಳೆಗಾಲ ತೋಟದ ಆಳುಗಳಿರುವ ನನ್ನ ಲೈನ್ ಮನೆಯಲ್ಲಿ ಇಬ್ಬರಿಗೆ ಡೆಂಗಿ ಬಂತು. ಡಿಡಿಟಿ ಎಲ್ಲಿ ಸಿಗುತ್ತದೆ ಎಂದಾದರೂ ತಿಳಿಸಿ.
ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೇ, ಬೈದು ಬರೆಯುವ ಓದುಗರೆಂದರೆ ನನಗೆ ಪ್ರೀತಿ. ಹೊಗಳಿ ಬರೆಯುವವರು ಸಾಮಾನ್ಯವಾಗಿ ಪತ್ರದ ಹಿಂದೆ ಒಂದು ಕವನ ಲಗತ್ತಿಸಿರುತ್ತಾರೆ. ನೀವು ಕೇಳಿದ್ದು ಡಿಡಿಟಿಯ ವಿಳಾಸ ಮಾತ್ರ. ಕೊನೆಯಲ್ಲಿ ಅದಕ್ಕೂ ಉತ್ತರವಿದೆ, ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಇರಲಿ.

ನಿಮ್ಮ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಅದು ಬೇಗ ಮುಗಿಯುತ್ತದೆ. ದಕ್ಷಿಣ ಆಫ್ರಿಕಾದವರು 1996ರಲ್ಲಿ ಡಿಡಿಟಿ ಕೈಬಿಟ್ಟು ಪೈರಿಥ್ರಾಯ್ಡ್ ಎಂಬ ಬೇರೆ ಜಾತಿಯ ಕೀಟನಾಶಕ ಹಿಡಿದರು. ಆ ಔಷಧಿಗೆ ಜಗ್ಗದ ಸೊಳ್ಳೆಯೊಂದು ಮರಳಿ ಬಂತು. 2000ದ ಹೊತ್ತಿಗೆ ಅಲ್ಲಿ ವರ್ಷದ ಮಲೇರಿಯಾ ಪ್ರಕರಣ 60,000 ದಾಟಿತು. ಮತ್ತೆ ಡಿಡಿಟಿ ತಂದರು, ರೋಗ ಇಳಿಯಿತು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆಯ ಒಳಗೋಡೆಗೆ ಡಿಡಿಟಿ ಹೊಡೆಯುವುದರ ಪರವಾಗಿ ನಿಂತಿತು. ಸೊಳ್ಳೆಯೇ ಇಲ್ಲದ ಊರಿನಲ್ಲಿ ಕೂತು, ಇನ್ನೊಬ್ಬರ ಗೋಡೆಗೆ ಏನು ಹೊಡೆಯಬಾರದು ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೂ ಆಗುವುದಿಲ್ಲ. ಇಷ್ಟು ನಿಮ್ಮ ಪಾಲು.

ಈಗ ಇಸವಿಗಳ ಲೆಕ್ಕ. 1963ರಲ್ಲಿ ಇಡೀ ಶ್ರೀಲಂಕಾದಲ್ಲಿ ಸಿಕ್ಕಿದ್ದು 17 ಮಲೇರಿಯಾ ರೋಗಿಗಳು. ಗೆದ್ದೆವು ಎಂದುಕೊಂಡ ಸರ್ಕಾರ 1964ರಲ್ಲಿ ಸಿಂಪಡಣೆ ನಿಲ್ಲಿಸಿತು. ದುಡ್ಡು ಉಳಿಯುತ್ತದಲ್ಲ! 1968-69ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ನಡುಗುತ್ತ ಮಲಗಿದರು. ಅಮೆರಿಕ ಡಿಡಿಟಿ ನಿಷೇಧಿಸಿದ್ದು 1972ರಲ್ಲಿ. ಎಂದಮೇಲೆ ಲಂಕೆಯ ಜ್ವರವನ್ನು ಆ ನಿಷೇಧದ ತಲೆಗೆ ಕಟ್ಟುವುದು ಹೇಗೆ? ನೀವು ‘ಯಾವಳೋ’ ಎಂದ ರೇಚಲ್ ಕಾರ್ಸನ್ ಆ ನಿಷೇಧಕ್ಕೆ ಎಂಟು ವರ್ಷ ಮೊದಲೇ ತೀರಿಕೊಂಡಿದ್ದರು. 1962ರ ಅವರ ಪುಸ್ತಕವನ್ನು ಬೈಯುವವರಲ್ಲಿ ಅದನ್ನು ಓದಿದವರು ಕಡಿಮೆ. ಹೊಗಳುವವರಲ್ಲೂ ಅಷ್ಟೇ ಅನ್ನಿ. ಕೀಟನಾಶಕವನ್ನು ಎಂದೂ ಮುಟ್ಟಕೂಡದು ಎಂಬ ವಾದ ಅದರಲ್ಲಿಲ್ಲ. ಸಿಕ್ಕಸಿಕ್ಕಲ್ಲಿ ಸುರಿದರೆ ಹುಳಗಳು ಅದನ್ನು ಜೀರ್ಣಿಸಿಕೊಳ್ಳುವುದು ಕಲಿಯುತ್ತವೆ, ಆಮೇಲೆ ರೋಗ ಬಂದಾಗ ಕೈಯಲ್ಲಿ ಆಯುಧ ಇರುವುದಿಲ್ಲ ಎಂಬ ಎಚ್ಚರಿಕೆ ಇದೆ.

ನಮ್ಮ ದೇಶದ ಕಥೆಯಂತೂ ಇನ್ನೂ ಸರಳ. ಭಾರತದಲ್ಲಿ ಡಿಡಿಟಿಯನ್ನು ಬೇಸಾಯಕ್ಕೆ ನಿಲ್ಲಿಸಿದ್ದು 1989ರಲ್ಲಿ. ಮಲೇರಿಯಾ ಕೆಲಸಕ್ಕೆ ವರ್ಷಕ್ಕೆ 10,000 ಟನ್ನಿನವರೆಗೆ ಬಳಸಲು ಆಗಲೂ ಅವಕಾಶ ಇಟ್ಟುಕೊಂಡರು. 1954ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್, ಬೇರೆ ದೇಶಗಳು ತಯಾರಿಕೆ ಬಿಟ್ಟ ಮೇಲೂ ಡಿಡಿಟಿ ಮಾಡುತ್ತಲೇ ಇತ್ತು. ವಿಷ ರಾಸಾಯನಿಕಗಳನ್ನು ತಡೆಯುವ 2001ರ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ ಕೂಡ ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆಂದು ಡಿಡಿಟಿಗೆ ಬಾಗಿಲು ತೆರೆದಿಟ್ಟಿತು. ಮಲೇರಿಯಾದಿಂದ ಡಿಡಿಟಿಯನ್ನು ಕಿತ್ತುಕೊಂಡ ನಿಷೇಧ ಎಲ್ಲಿದೆ ಎಂದು ಹುಡುಕಿದರೆ ಅದು ವಾಟ್ಸಾಪಿನಲ್ಲಿದೆ.

ಹಾಗಾದರೆ ಕೈತಪ್ಪಿದ್ದೇನು? ಇದು ನನ್ನ ಹಳೇ ಗೀಳು. ನಮ್ಮ ಕಚೇರಿಯ ಹುಡುಗರು ಈ ವಿಷಯ ಬಂದರೆ ಕಾಫಿ ಕುಡಿಯಲು ಎದ್ದುಹೋಗುತ್ತಾರೆ. ನಿಮಗೆ ಆ ಅನುಕೂಲವಿಲ್ಲ.

ಕೊಡಗಿನಲ್ಲಿ ಚಳಿಜ್ವರ ಒಂದು ಕಾಲಕ್ಕೆ ಮನೆಯ ನೆಂಟನ ಹಾಗೆ ಇತ್ತು. ಇಲ್ಲಿಯ ಮಲೇರಿಯಾ ಕೊಚ್ಚೆಯಿಂದ ಬಂದದ್ದಲ್ಲ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ, ನೀವು ಫೋಟೊ ತೆಗೆದು ಗೋಡೆಗೆ ಹಾಕಿಕೊಳ್ಳುವಂಥ ತಿಳಿನೀರಿನ ತೋಡಿನ ಅಂಚಿನಲ್ಲಿ, ಹುಲ್ಲಿನ ಬುಡದಲ್ಲಿ ಮೊಟ್ಟೆ ಇಡುತ್ತದೆ. ಆಷಾಢದ ಮಳೆಯಲ್ಲಿ ತೋಡು ಉಕ್ಕಿದಾಗ ಮರಿಗಳು ಕೊಚ್ಚಿಹೋಗುತ್ತವೆ. ಹರಿವು ಸಣ್ಣದಾದಾಗ ಹೆಚ್ಚುತ್ತವೆ. ರಾತ್ರಿ ಮನೆಯೊಳಗೆ ಬಂದು, ಮಲಗಿದವರ ರಕ್ತ ಹೀರಿ, ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ಘಟ್ಟದ ಕೆಳಗಿನಿಂದ, ಮೈಸೂರು ಸೀಮೆಯಿಂದ ತೋಟದ ಕೆಲಸಕ್ಕೆ ಬಂದವರು ದುಡಿಮೆಯ ಜತೆ ಜ್ವರಗಡ್ಡೆಯನ್ನೂ (ಮಲೇರಿಯಾದಿಂದ ಊದಿದ ಗುಲ್ಮ) ಹೊತ್ತು ಊರಿಗೆ ಹೋದರು. ಯರವರು, ಪಣಿಯರು ಎಂಬ ಗಿರಿಜನರ ಹಾಡಿಗಳಲ್ಲಿ ಎಷ್ಟು ಮಕ್ಕಳು ಹೋದರೋ, ಬರೆದಿಟ್ಟವರು ಯಾರು? ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬುದು ಆಗಿನ ಅಂದಾಜು.

ಗೋಡೆಯ ಮೇಲೆ ಕೂರುವ ಆ ಅಭ್ಯಾಸವೇ ಸೊಳ್ಳೆಗೆ ಮುಳುವಾಯಿತು. ಡಿಡಿಟಿಯ ಕೀಟ ಕೊಲ್ಲುವ ಗುಣವನ್ನು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಕೊಂಡ, 1948ರಲ್ಲಿ ನೊಬೆಲ್ ಪಡೆದ. ನಮ್ಮ ಕಡೆ ಇದನ್ನು ಮೊದಲು ದೊಡ್ಡದಾಗಿ ಪರೀಕ್ಷಿಸಿದ್ದು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ, 1946ರ ಸುಮಾರಿಗೆ, ಡಾ. ಡಿ.ಕೆ. ವಿಶ್ವನಾಥನ್ ಮುಂದಾಳತ್ವದಲ್ಲಿ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ 1953ರಲ್ಲಿ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ. (ಆ ಪುಟ್ಟ ರಾಜ್ಯ ಹೋದದ್ದರ ಬಗ್ಗೆ ನನಗಿರುವ ಅಭಿಪ್ರಾಯವನ್ನು ಇನ್ನೊಂದು ಪತ್ರಕ್ಕೆ ಮೀಸಲಿಟ್ಟಿದ್ದೇನೆ.) ಪಂಪು, ಬಕೆಟ್ಟು ಹೊತ್ತವರು ಮನೆಮನೆಗೆ ಬಂದರು. ಗೋಡೆಗೆ ಹೊಡೆದು, ಹೊಡೆದ ತಾರೀಖನ್ನು ಹೊರಗೋಡೆಯ ಮೇಲೆ ಬರೆದರು.

ಸುಂಟಿಕೊಪ್ಪದ ಕಡೆ ನಿವೃತ್ತ ಆರೋಗ್ಯ ಸಹಾಯಕರೊಬ್ಬರು ನನಗೆ ಪರಿಚಯ. ತಮಗೆ ಕೆಲಸ ಕಲಿಸಿದ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಾರೆ. ಐನ್‌ಮನೆಗಳಲ್ಲಿ, ಅಂದರೆ ಕೊಡವರ ಮೂಲಮನೆಗಳಲ್ಲಿ, ಎಲ್ಲ ಕೋಣೆಗೂ ಬಿಡುತ್ತಿದ್ದರಂತೆ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಗೆ ಮಾತ್ರ ಬಿಡುತ್ತಿರಲಿಲ್ಲ. ಕುಲದ ಹಿರಿಯರಾದ ಗುರುಕಾರಣರ ದೀಪ ತೂಗುವ ಜಾಗಕ್ಕೆ ಕೂಲಿಯವನು ವಿಷ ಹೊಡೆಯುವುದೆಂದರೇನು? ಪಂಪು ಹೊತ್ತ ಆ ಹಿರಿಯರು ಜಗಳ ಮಾಡಲಿಲ್ಲ. ಚಪ್ಪಲಿ ಕಳಚಿ, ಕಾಲು ತೊಳೆದು, ಜಗಲಿಯಲ್ಲಿ ಕೂತು ಮನೆಯ ಅಜ್ಜಿಯ ಹತ್ತಿರ ಜ್ವರದಲ್ಲಿ ಹೋದ ಮೊಮ್ಮಗನ ವಿಷಯ ಮಾತಾಡಿದರು. ಕೊನೆಗೆ ಅಜ್ಜಿಯೇ ಎದ್ದು ದೀಪಕ್ಕೆ ಬಟ್ಟೆ ಮುಚ್ಚಿ, ‘ಹೊಡೆ, ಆದರೆ ಮೆಲ್ಲಗೆ’ ಅಂದರಂತೆ. ಇನ್ನು ಕೆಲವು ಮನೆಗಳಲ್ಲಿ ಔಷಧಿ ಹೊಡೆದ ಮಾರನೇ ದಿನವೇ ಗೋಡೆಗೆ ಸಗಣಿ ಸಾರಿಸಿ ಎಲ್ಲವನ್ನೂ ಮುಚ್ಚಿಬಿಡುತ್ತಿದ್ದರು. ಅವರ ಮನೆಗೆ ಮತ್ತೆ ಹೋಗಬೇಕು, ಮತ್ತೆ ಜಗಲಿಯಲ್ಲಿ ಕೂರಬೇಕು. ಮೊದಮೊದಲು ತಿಗಣೆ ಸಾಯುತ್ತದೆಂದು ಜನರೇ ಕರೆದು ಹೊಡೆಸಿಕೊಂಡರು. ತಿಗಣೆ ಡಿಡಿಟಿಗೆ ಒಗ್ಗಿಹೋದ ಮೇಲೆ ಅದೇ ಜನ ಬಾಗಿಲು ಹಾಕಿಕೊಂಡರು. ಮಲೇರಿಯಾವನ್ನು ಓಡಿಸಿದ್ದು ಪುಡಿ ಒಂದೇ ಅಂದುಕೊಂಡಿರಾ? ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ‘ಯಾರಿಗಾದರೂ ಜ್ವರ ಉಂಟಾ?’ ಎಂದು ಕೇಳಿ, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದು, ಕ್ಲೋರೋಕ್ವಿನ್ ಮಾತ್ರೆ ಕೊಟ್ಟು ಹೋದವನ ಕಾಲುಗಳಿಗೆ ಅದರಲ್ಲಿ ಅರ್ಧ ಪಾಲಾದರೂ ಸೇರಬೇಕು. 1965ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿಯಿದ್ದದ್ದು ಒಂದು ಲಕ್ಷಕ್ಕೆ ಇಳಿದಿತ್ತು.

1976ರಲ್ಲಿ ಅದು 64 ಲಕ್ಷಕ್ಕೆ ಏರಿತು. ಆಗ ಈ ದೇಶದಲ್ಲಿ ಡಿಡಿಟಿಗೆ ಯಾವ ನಿಷೇಧವೂ ಇರಲಿಲ್ಲ, ಗದ್ದೆಗೂ ಹತ್ತಿಗೂ ಧಾರಾಳವಾಗಿ ಬೀಳುತ್ತಿತ್ತು. ಬಯಲುಸೀಮೆಯ ಮುಖ್ಯ ಮಲೇರಿಯಾ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡದ್ದು 1959ರಲ್ಲೇ ಗೊತ್ತಾಗಿತ್ತು. ಹೊಲದಲ್ಲಿ ಹರಿದ ಔಷಧಿಯ ತೊಳೆನೀರಲ್ಲೇ ಮರಿ ಬೆಳೆದರೆ ಗೋಡೆಯ ಔಷಧಿಗೆ ಅದು ಯಾಕೆ ಹೆದರೀತು? ಡಿಡಿಟಿಯ ಕತ್ತಿಯನ್ನು ಮೊಂಡು ಮಾಡಿದ್ದರಲ್ಲಿ ನಿಷೇಧ ಕೇಳಿದವರಿಗಿಂತ ಅದನ್ನು ಬೆಳೆಗೆ ಸುರಿದವರ ಪಾಲು ದೊಡ್ಡದು. ಬಿಎಚ್‌ಸಿ ಎಂಬ ಇನ್ನೊಂದು ಕೀಟನಾಶಕ ಪುಡಿಯನ್ನು 1997ರಲ್ಲಿ ನಿಲ್ಲಿಸುವವರೆಗೂ ಅದೇ ಹಾಡು. ಇತ್ತ ಕಾಲ್ನಡಿಗೆಯ ಆ ಮಲೇರಿಯಾ ಕೆಲಸಗಾರನನ್ನು, 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ನಂತರ, ವಿವಿಧೋದ್ದೇಶ ಕಾರ್ಯಕರ್ತ ಮಾಡಿದರು. ತುರ್ತು ಪರಿಸ್ಥಿತಿ ಬಂತು, ಸಂತಾನಹರಣ ಚಿಕಿತ್ಸೆಯ ಗುರಿ ಅವನ ಹೆಗಲಿಗೆ ಬಿತ್ತು. ಜ್ವರ ಕೇಳಲು ಬಂದವನನ್ನು ಕಂಡರೆ ಗಂಡಸರು ತೋಟದೊಳಗೆ ಓಡುವ ಕಾಲ ಅದು.

ನಿಮ್ಮ ಲೈನ್ ಮನೆಯ ಡೆಂಗಿಗೆ ಬರೋಣ. ಅದನ್ನು ಹರಡುವ ಈಡಿಸ್ ಸೊಳ್ಳೆಯ ಜಾತಕವೇ ಬೇರೆ. ಹಗಲು ಕಚ್ಚುತ್ತದೆ. ಮನೆಯೊಳಗಿದ್ದರೂ ಗೋಡೆಗಿಂತ ನೇತುಹಾಕಿದ ಬಟ್ಟೆ, ಮಂಚದ ಅಡಿ ಅದಕ್ಕೆ ಪ್ರಿಯ. ಅದರ ಪಟ್ಟೆಪಟ್ಟೆಯ ತಮ್ಮನೊಬ್ಬ ಮನೆಯ ಹೊರಗೆ, ಗಿಡಗಂಟಿಯಲ್ಲಿ ಇರುತ್ತಾನೆ. ಗೋಡೆಗೆ ಡಿಡಿಟಿ ಬಳಿದು ಇವನ್ನು ಹಿಡಿಯುವುದೆಂದರೆ ಆಯಿತೇ? ಮೊಟ್ಟೆ ಒಣಗಿದ ಪಾತ್ರೆಯ ಅಂಚಿಗೆ ಅಂಟಿ ತಿಂಗಳುಗಟ್ಟಲೆ ಕಾದಿರುತ್ತದೆ. ನೀರು ತಾಗಿದ ಮೇಲೆ ಏಳೆಂಟು ದಿನಕ್ಕೆ ಸೊಳ್ಳೆ. ಹಾಗಾಗಿಯೇ ವಾರಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿರಿ ಎನ್ನುವುದು. ಪಾಠ ಹಳೆಯದು ಎಂದಿರಿ. ಎಷ್ಟು ಹಳೆಯದು ಗೊತ್ತೇ? 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಯುವ ವೈದ್ಯ ರೊನಾಲ್ಡ್ ರಾಸ್ ತನ್ನ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಹುಳು ಕಂಡು ಅದನ್ನು ಬೋರಲು ಹಾಕಿಸಿದ, ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನ ತೊಟ್ಟಿಗಳನ್ನೂ ಬರಿದು ಮಾಡಿಸೋಣ ಎಂದು ಮೇಲಿನ ಅಧಿಕಾರಿಗೆ ಹೇಳಿದರೆ, ಸೊಳ್ಳೆಯನ್ನು ದೇವರು ಯಾವುದೋ ಉದ್ದೇಶಕ್ಕೆ ಹುಟ್ಟಿಸಿದ್ದಾನೆ, ಪ್ರಕೃತಿಯ ಕ್ರಮ ಕೆಡಿಸಬೇಡ ಎಂದು ಆತ ಗೇಲಿ ಮಾಡಿ ಕಳಿಸಿದ. ಮಲೇರಿಯಾ ಸೊಳ್ಳೆಯ ಹೊಟ್ಟೆಯಲ್ಲಿದೆ ಎಂದು ಸಿಕಂದರಾಬಾದಿನಲ್ಲಿ 1897ರಲ್ಲಿ ತೋರಿಸಿ ನೊಬೆಲ್ ಪಡೆದವನು ಇದೇ ರಾಸ್. ಪರಿಸರವಾದಿಯ ಮೇಲೆ ನಿಮಗೆ ಸಿಟ್ಟಿದ್ದರೆ ಆ ಅಧಿಕಾರಿಯ ಮೇಲೆ ತೀರಿಸಿಕೊಳ್ಳಿ, ನನ್ನ ಅಡ್ಡಿಯಿಲ್ಲ.

ನೀವು ಕಾಫಿ ಬೆಳೆಗಾರರು. ಲಿಂಡೇನ್ ಬಳಕೆ 2013ರಲ್ಲಿ ನಿಂತಾಗ ಬಿಳಿ ಕಾಂಡಕೊರಕ ಹುಳು ತೋಟ ನುಂಗಿಬಿಡುತ್ತದೆ ಎಂದು ಎಲ್ಲರೂ ಅಂದರು. ಆದರೆ ಲಿಂಡೇನ್ ಬಳಿಯುತ್ತಿದ್ದ ಕಾಲದಲ್ಲೂ ತೋಟ ಉಳಿಸಿಕೊಂಡವರು ಯಾರು? ಮಾರ್ಚಿನಲ್ಲಿ, ಸೆಪ್ಟೆಂಬರಿನಲ್ಲಿ ಗಿಡಗಿಡಕ್ಕೂ ಆಳು ಬಿಟ್ಟು ಕೊರಕ ಹಿಡಿದದ್ದನ್ನು ಹುಡುಕಿಸಿ, ಕಿತ್ತು ಸುಟ್ಟವರು, ನೆರಳು ಕಾದವರು. ಕಾಯಿಕೊರಕಕ್ಕೆ ನೆಲಕ್ಕೆ ಉದುರಿದ ಕಾಯಿಯನ್ನು ಬಿಡದೆ ಆರಿಸುತ್ತೀರಿ. ತೋಟದಲ್ಲಿ ನಿಮಗೆ ಗೊತ್ತಿರುವ ಈ ವಿದ್ಯೆ ಲೈನ್ ಮನೆಯ ಹಿಂದಕ್ಕೆ ಹೋದಾಗ ಯಾಕೆ ಮರೆತುಹೋಗುತ್ತದೆ? ಲೈನಿನಲ್ಲಿ ನಲ್ಲಿ ದಿನವೂ ಬರುತ್ತಿದ್ದರೆ ಆ ಹೆಂಗಸರು ನೀಲಿ ಡ್ರಮ್ಮುಗಳಲ್ಲಿ ನೀರು ಕೂಡಿಡುತ್ತಿದ್ದರೇ? ಕಣದ ಪಕ್ಕ ಮಡಿಸಿ ಎಸೆದ ಟಾರ್ಪಾಲಿನಲ್ಲಿ ನೀರು ನಿಂತದ್ದು ಯಾರ ಲೆಕ್ಕಕ್ಕೆ? ಸಿಟ್ಟಾಗಬೇಡಿ. ಕಾಯಿಲೆಯಾದವರ ವಿಷಯ ಪತ್ರದಲ್ಲಿ ಬರೆದ ಮಾಲೀಕರು ನೀವು, ಅಷ್ಟೂ ಮಾಡದವರೇ ಹೆಚ್ಚು.

ಎಂಡೋಸಲ್ಫಾನಿಗೆ ಮಾತ್ರ ನನ್ನಿಂದ ಕಣ್ಣೀರು ಹಾಕಿಸಲಾರಿರಿ. ಘಟ್ಟ ಇಳಿದರೆ ಸಿಗುವ ಕಾಸರಗೋಡಿನ ಪಡ್ರೆ, ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಊರುಗಳಿವು. ಆ ಮನೆಗಳ ಮಕ್ಕಳನ್ನು ಒಮ್ಮೆ ಕಂಡವರು 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದಕ್ಕೆ ದೂರು ಹೇಳುವುದಿಲ್ಲ.

ಸರ್ಕಾರವೂ ಕಮ್ಮಿಯಿಲ್ಲ. 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಲಾರ್ವಾ ಸಿಕ್ಕಿದ ಮನೆಯವರಿಗೆ ದಂಡ ಎಂದಿತು. ಸರಿ, ಲಾರ್ವಾ ನೋಡಲು ಬರುವವರು ಎಲ್ಲಿ? ಎಲ್ಲವನ್ನೂ ಆಶಾ ಕಾರ್ಯಕರ್ತೆಯ ಚೀಲಕ್ಕೆ ತುರುಕಿ, ಗೌರವಧನವನ್ನೂ ಸಮಯಕ್ಕೆ ಕೊಡದೆ, ಮೇಲೆ ಮೊಬೈಲಿನಲ್ಲಿ ಫೋಟೊ ಏರಿಸು ಎಂದರೆ ಅವಳು ತಾನೇ ಏನು ಮಾಡಿಯಾಳು? ಬದಲಿಗೆ ನಮಗೆ ಫಾಗಿಂಗ್ ಯಂತ್ರದ ಭಾಗ್ಯ. ಸಂಜೆ ಏಳಕ್ಕೆ, ಹಗಲಿನ ಸೊಳ್ಳೆ ಮಂಚದಡಿ ಮಲಗಿದ ಮೇಲೆ, ಡೀಸೆಲ್ ಹೊಗೆ ಬೀದಿಯಲ್ಲಿ ಮೆರವಣಿಗೆ ಹೊರಡುತ್ತದೆ. ಹಾರುವ ಸೊಳ್ಳೆಗೆ ತಾಗಿದರೆ ತಾಗಿತು, ಡ್ರಮ್ಮಿನ ಮರಿಗೆ ಏನೂ ಆಗುವುದಿಲ್ಲ. ಒಮ್ಮೆ ಹೀಗೆ ಹೊಗೆ ಬಿಡುತ್ತಿದ್ದವರು ನನ್ನನ್ನು ಗುರುತಿಸಿ, ಫೋಟೋಗ್ರಾಫರ್ ಬರುವವರೆಗೆ ಯಂತ್ರ ಆರಿಸಿ ಕಾದು ನಿಂತರು! ಮುಖಂಡರೊಬ್ಬರು ಅದನ್ನು ಹೆಗಲಿಗೆ ಹಾಕಿಕೊಂಡು ನಕ್ಕರು. ಪಕ್ಕದಲ್ಲೇ ಅರ್ಧ ಕಟ್ಟಿದ ಹೋಂಸ್ಟೇ, ಅದರ ತಾರಸಿಯಲ್ಲಿ ಮುಚ್ಚಳವಿಲ್ಲದ ಟ್ಯಾಂಕು, ಅಂಗಳದಲ್ಲಿ ಪ್ರವಾಸಿಗರ ಉಯ್ಯಾಲೆಗೆಂದು ತಂದ ಹಳೇ ಟೈರುಗಳ ರಾಶಿ. ಅತ್ತ ತಿರುಗಿ ನೋಡಿದವರಿಲ್ಲ. ಅದರ ಮಾಲೀಕರು ಯಾರ ನೆಂಟರೆಂದು ಊರಿಗೆಲ್ಲ ಗೊತ್ತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಡಿಡಿಟಿ ಅಂಗಡಿಯಲ್ಲಿ ಮಾರುವ ವಸ್ತುವಲ್ಲ, ಯಾರಾದರೂ ಪೊಟ್ಟಣ ಕಟ್ಟಿ ಕೊಟ್ಟರೂ ತರಬೇಡಿ. ಸೊಳ್ಳೆಮರಿ ಕೊಲ್ಲಲು ಡ್ರಮ್ಮುಗಳಿಗೆ ಹಾಕುವ ಟೆಮಿಫಾಸ್ ದ್ರಾವಣವನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಲೈನ್ ಮನೆಗೆ ಯಾರನ್ನಾದರೂ ಕಳಿಸಿ ಎಂದು ಅಲ್ಲಿಯೇ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಂಡು ಅದರ ಪ್ರತಿಯನ್ನು ನನಗೆ ಕಳಿಸಿ. ಬಾರದಿದ್ದರೆ ಆ ಪ್ರತಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.
ಸಂ.