ಜಕಾತ್ ಕೊಟ್ಟರೆ 'ಲಿಲ್ಲಾ' ರಸೀದಿ ಬಂದದ್ದಕ್ಕೆ

ಹುಬ್ಬಳ್ಳಿಯ ನಿಮ್ಮ ಓಣಿ ಜಮಾತ್‌ಗೆ (ಮಸೀದಿ ಸಮಿತಿಗೆ) ಯುಪಿಐನಲ್ಲಿ ಹಾಕಿದ 12,000 ರೂಪಾಯಿ ಜಕಾತ್‌ಗೆ (ಉಳ್ಳವರು ಕೊಡಲೇಬೇಕಾದ ದಾನ) 'ಲಿಲ್ಲಾ' (ಮನಸ್ಸಿದ್ದಷ್ಟು ಕೊಡುವ ಸಾಮಾನ್ಯ ದೇಣಿಗೆ) ರಸೀದಿ ಬಂದಿದ್ದರೆ, ಕಾರಣ ಬಹುಶಃ ಎಲ್ಲದಕ್ಕೂ ಇಟ್ಟಿರುವ ಒಂದೇ ಕ್ಯೂಆರ್ ಕೋಡ್. ಕಳಿಸುವಾಗ 'ಜಕಾತ್' ಅಂತ ಬರೆಯದಿದ್ದರೆ ಸಾಮಾನ್ಯ ದೇಣಿಗೆ ಅಂತಲೇ ಬರೆದುಕೊಳ್ಳುತ್ತಾರೆ. ನನಗೂ ಹಿಂಗ ಆಗಿತ್ತು.

ಮೊದಲು ಸ್ಕ್ರೀನ್‌ಶಾಟ್, ರಸೀದಿ ಎರಡೂ ಹಿಡಿದು ಖಜಾಂಚಿಯನ್ನೇ ಕಾಣಿರಿ. ರಸೀದಿ ಪುಸ್ತಕ ಅವರ ಬಗಲಲ್ಲೇ ಇರುತ್ತದೆ. ಹಣ ಉಳಿದಿದ್ದರೆ ಜಕಾತ್ ಲೆಕ್ಕಕ್ಕೆ ಹಾಕಿಸಿ, ಹಳೇ ರಸೀದಿಗೆ ಅಡ್ಡಗೀಟು ಎಳೆಸಿ ಹೊಸದು ತಗೊಳ್ಳಿ. ಮಸೀದಿಯ ಸಿಮೆಂಟಿಗೆ ಖರ್ಚಾಗಿದ್ದರೆ ಕಷ್ಟ. ಇಸ್ಲಾಮಿನ ಹನಫಿ ಪದ್ಧತಿಯಲ್ಲಿ ಜಕಾತ್ ಹಕ್ಕುದಾರ ಬಡವರ ಸ್ವಂತಕ್ಕೆ ಸೇರಬೇಕು, ಕಟ್ಟಡಕ್ಕೆ ಸಲ್ಲದು. ಮತ್ತೆ ಕೊಡಬೇಕಾದೀತು, ಆ ಮಾತು ಮಾತ್ರ ಧರ್ಮಶಾಸ್ತ್ರ ತಿಳಿದ ಮುಫ್ತಿಯವರಿಂದಲೇ ಕೇಳಿ, ಖಜಾಂಚಿಯಿಂದಲ್ಲ.