ನಡೆಯುತ್ತಿರುವವರ ಇಇಜಿಯನ್ನು ಲ್ಯಾಬ್ ಹೊರಗೆ ತೆಗೆಯಬಹುದೇ?

ತೆಗೆಯಬಹುದು. ಆದರೆ ಸುಮ್ನೆ ಕುಳಿತಾಗ ಸಿಗುವಷ್ಟು ಸ್ವಚ್ಛವಾಗಿ ಸಿಗುವುದಿಲ್ಲ.

ಇಇಜಿ ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ತಲೆಯ ಚರ್ಮದ ಮೇಲಿಂದ ಅಳೆಯುವುದು. ಅಲ್ಲಿಗೆ ತಲುಪುವ ಸಿಗ್ನಲ್ ತೀರಾ ಸಣ್ಣದು, ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಪಾಲು! ನಡೆಯುವಾಗ ಕತ್ತಿನ ಸ್ನಾಯು ಬಿಗಿಯುತ್ತದೆ, ವೈರು ತೂಗಾಡುತ್ತದೆ, ತಲೆಗೆ ತಾಗಿಸಿದ ಎಲೆಕ್ಟ್ರೋಡ್ (ಸಿಗ್ನಲ್ ಹಿಡಿಯುವ ಪುಟ್ಟ ಬಿಲ್ಲೆ) ಜರುಗುತ್ತದೆ. ಇವೆಲ್ಲದರಿಂದ ಬೆರೆಯುವ ಬೇಡದ ಸಿಗ್ನಲ್, ಅಂದರೆ ಗದ್ದಲ, ಮಿದುಳಿನ ಸಿಗ್ನಲ್‌ಗಿಂತ ಎಷ್ಟೋ ಜಾಸ್ತಿ ಇರಬಹುದು.

ಅದಕ್ಕೇ ಓಡಾಡುವಾಗ ತೆಗೆಯುವ 'ಮೊಬೈಲ್ ಇಇಜಿ'ಯಲ್ಲಿ, ಸಿಗ್ನಲ್ ದೊಡ್ಡದು ಮಾಡುವ ಪುಟ್ಟ ಆಂಪ್ಲಿಫೈಯರನ್ನು ಎಲೆಕ್ಟ್ರೋಡ್‌ಗಳಿರುವ ಟೋಪಿಗೇ ಕಟ್ಟಿ, ಡೇಟಾವನ್ನು ವೈರ್‌ಲೆಸ್ ಆಗಿ ಕಳಿಸುತ್ತಾರೆ. ವೈರು ಗಿಡ್ಡವಾದಷ್ಟೂ ತೂಗಾಟ ಕಡಿಮೆ.

ಉಳಿದ ಗದ್ದಲಕ್ಕೆ ಒಳ್ಳೆಯ ಮದ್ದು ಸರಾಸರಿ. ಒಂದೇ ಶಬ್ದವನ್ನು ಹಲವು ಸಲ ಕೇಳಿಸಿ ಸರಾಸರಿ ತೆಗೆದರೆ, ಹೇಗೆಂದರೆ ಹಾಗೆ ಬರುವ ಗದ್ದಲ ಬಹುಪಾಲು ಕರಗುತ್ತದೆ. ಪ್ರತಿ ಸಲವೂ ಅದೇ ಹೊತ್ತಿಗೆ ಬರುವ ಮಿದುಳಿನ ಪ್ರತಿಕ್ರಿಯೆ ಉಳಿಯುತ್ತದೆ.

ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಸಂಶೋಧಕ ಸ್ಟೆಫಾನ್ ಡೆಬೆನರ್ ಅವರ ತಂಡ ಇದನ್ನು ಬಯಲಿನಲ್ಲೇ ಮಾಡಿ, 2012ರಲ್ಲಿ ಪ್ರಕಟಿಸಿತು. ಅಪರೂಪಕ್ಕೆ ಬರುವ ಶಬ್ದ ಕೇಳಿ ಸುಮಾರು 300 ಮಿಲಿಸೆಕೆಂಡಿಗೆ ಏಳುವ 'ಪಿ300' ಅಲೆ, ಹೊರಗೆ ನಡೆಯುತ್ತಿದ್ದವರಲ್ಲೂ ಕಂಡಿತು. ಒಳಗೆ ಕುಳಿತಾಗಿನದಕ್ಕಿಂತ ಅದು ಚಿಕ್ಕದಾಗಿತ್ತು, ಅಷ್ಟೇ.